ಅಕೌಂಟ್ ಮುಚ್ಚೋಕೂ ಎಂಟರ್‌ಪ್ರೈಸ್ ಪ್ಲಾನೇ ಬೇಕಾ?

ಕಂಪನಿಗೆ ಹೊಸ ಸಾಫ್ಟ್‌ವೇರ್ ನೋಡುವಾಗ ನಾನು ಬೆಲೆಯ ಪುಟವನ್ನು ಬಲಗಡೆಯಿಂದ ಓದುತ್ತೇನೆ. ಎಡಕ್ಕೆ ಫ್ರೀ, ಅದರ ಪಕ್ಕ ಟೀಮ್, ಆಮೇಲೆ ಬಿಸಿನೆಸ್, ಕಟ್ಟಕಡೆಗೆ ಎಂಟರ್‌ಪ್ರೈಸ್. ಮೊದಲಿನವಕ್ಕೆ ಬೆಲೆ ಹಾಕಿರುತ್ತಾರೆ. ಕೊನೆಯದಕ್ಕೆ ಎಷ್ಟೋ ಸಲ ಬೆಲೆಯೇ ಇರುವುದಿಲ್ಲ, ಆ ಜಾಗದಲ್ಲಿ ‘ಸೇಲ್ಸ್ ತಂಡವನ್ನು ಸಂಪರ್ಕಿಸಿ’ ಅಂತ ಒಂದು ಬಟನ್ ಇರುತ್ತದೆ. ನನಗೆ ಬೇಕಾದ ಸೌಲಭ್ಯ ಸಾಮಾನ್ಯವಾಗಿ ಸಿಗುವುದು ಆ ಬಟನ್ನಿನ ಕೆಳಗೇ. ಅದರ ಹೆಸರು ಸ್ಕಿಮ್ (SCIM) ಪ್ರೊವಿಷನಿಂಗ್.

ಐಟಿ ಅಡ್ಮಿನ್ ಕೆಲಸದಲ್ಲಿ ಇಲ್ಲದವರಿಗೆ ಇದೇನು ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬರು ಕೆಲಸಕ್ಕೆ ಸೇರಿದರೆ ಅವರಿಗೆ ಮೇಲ್, ಚಾಟ್, ಕೋಡ್ ಇಡುವ ಜಾಗ, ಟಿಕೆಟ್ ಟೂಲು, ಡಿಸೈನ್ ಟೂಲು, ಗ್ರಾಹಕರ ಮಾಹಿತಿ ಇರುವ ಸಿಆರ್‌ಎಂ, ಖರ್ಚಿನ ಬಿಲ್ ಹಾಕುವ ಆಪ್, ಹೀಗೆ ಹತ್ತಾರು ಕಡೆ ಅಕೌಂಟ್ ಮಾಡಿಕೊಡಬೇಕು. ಬಿಟ್ಟು ಹೋದರೆ ಅಷ್ಟೂ ಕಡೆ ತೆಗೆಯಬೇಕು. ಟೀಮ್ ಬದಲಾದರೆ ಕೆಲವು ಕಡೆ ಕೊಟ್ಟು ಕೆಲವು ಕಡೆ ವಾಪಸ್ ಪಡೆಯಬೇಕು. ಇದನ್ನೆಲ್ಲ ಕೈಯಲ್ಲಿ ಮಾಡುವ ಬದಲು, ಓಕ್ಟಾ ಅಥವಾ ಮೈಕ್ರೋಸಾಫ್ಟ್ ಎಂಟ್ರಾದಂಥ ಒಂದು ಡೈರೆಕ್ಟರಿಯಲ್ಲಿ (ಕಂಪನಿಯ ಎಲ್ಲರ ಅಕೌಂಟ್ ಪಟ್ಟಿ ಇಡುವ ಸೇವೆ) ಒಮ್ಮೆ ಬದಲಾಯಿಸಿದರೆ ಸಾಕು, ಉಳಿದ ಆಪ್‌ಗಳಿಗೆಲ್ಲ ಆ ಸುದ್ದಿ ತಾನಾಗೇ ಮುಟ್ಟಲಿ ಅಂತ ಮಾಡಿಕೊಂಡ ವ್ಯವಸ್ಥೆ ಸ್ಕಿಮ್. ಯಾವುದೋ ಒಂದು ಕಂಪನಿಯ ಸ್ವಂತ ಸೊತ್ತಲ್ಲ ಇದು, ಯಾರು ಬೇಕಾದರೂ ಬಳಸಬಹುದಾದ ಸ್ಟ್ಯಾಂಡರ್ಡ್. ಈಗ ಎಲ್ಲರೂ ಬಳಸುವ 2.0 ಆವೃತ್ತಿ 2015ರ ಸೆಪ್ಟೆಂಬರಿನಲ್ಲಿ ಬಂತು. ಯೂಸರ್ ಬಗ್ಗೆ ಯಾವ ಯಾವ ವಿವರ ಇರಬೇಕು ಅಂತ ಆರ್‌ಎಫ್‌ಸಿ 7643 ಅನ್ನುವ ಇಂಟರ್ನೆಟ್ ಸ್ಟ್ಯಾಂಡರ್ಡ್ ದಾಖಲೆ ಹೇಳುತ್ತದೆ, ಅದನ್ನು ಕಳಿಸುವುದು ಹೇಗೆ ಅಂತ ಆರ್‌ಎಫ್‌ಸಿ 7644 ಹೇಳುತ್ತದೆ.

ಒಳಗೆ ನಡೆಯುವುದು ಬಹಳ ಚಿಕ್ಕ ಕೆಲಸ. ಒಬ್ಬರು ಕೆಲಸ ಬಿಟ್ಟರು ಅಂದುಕೊಳ್ಳಿ. ಡೈರೆಕ್ಟರಿಯಲ್ಲಿ ಅವರನ್ನು ಡಿಸೇಬಲ್ ಮಾಡುತ್ತೇವೆ. ಅಲ್ಲಿಂದ ಪ್ರತಿ ಆಪ್‌ಗೆ ನಾಲ್ಕೈದು ಸಾಲಿನ ಒಂದು ಸಂದೇಶ ಜೇಸನ್ ಅನ್ನುವ ಪಠ್ಯರೂಪದಲ್ಲಿ ಹೋಗುತ್ತದೆ. ಅದರ ತಿರುಳು ಇಷ್ಟೇ: ಈ ಯೂಸರ್‌ನ ‘ಆಕ್ಟಿವ್’ ಅನ್ನೋದನ್ನು ‘ಫಾಲ್ಸ್’ ಮಾಡಿ. ಆಪ್ ಅದನ್ನು ಓದಿ ಅಕೌಂಟ್ ಮುಚ್ಚುತ್ತದೆ, ‘ಆಯ್ತು’ ಅಂತ ಉತ್ತರ ಕೊಡುತ್ತದೆ. ಓಕ್ಟಾ ಇದನ್ನು ಹೆಚ್ಚುಕಮ್ಮಿ ತಕ್ಷಣ ಕಳಿಸುತ್ತದೆ. ಎಂಟ್ರಾ ಸುಮಾರು 40 ನಿಮಿಷಕ್ಕೊಮ್ಮೆ ಬದಲಾವಣೆಗಳನ್ನು ಒಟ್ಟುಗೂಡಿಸಿ ಕಳಿಸುತ್ತದೆ.

ಈ ನಾಲ್ಕೈದು ಸಾಲಿಗೆ ಎಷ್ಟು ಕೊಡಬೇಕು ಅನ್ನೋದೇ ವಿಷಯ.

ಬೆಲೆ ಬಹಿರಂಗವಾಗಿ ಹಾಕಿರುವ ಒಂದನ್ನೇ ತೆಗೆದುಕೊಳ್ಳೋಣ. ಕೋಡ್ ಇಡುವ ಗಿಟ್‌ಹಬ್‌ನ ಟೀಮ್ ಪ್ಲಾನ್ ಒಬ್ಬರಿಗೆ ತಿಂಗಳಿಗೆ 4 ಡಾಲರ್. ಎಂಟರ್‌ಪ್ರೈಸ್ ಪ್ಲಾನ್ 21 ಡಾಲರ್. ಸಿಂಗಲ್ ಸೈನ್ ಆನ್ (ಡೈರೆಕ್ಟರಿಯ ಒಂದೇ ಲಾಗಿನ್‌ನಿಂದ ಎಲ್ಲ ಆಪ್‌ಗೂ ಹೋಗುವುದು) ಮತ್ತು ಸ್ಕಿಮ್ ಎರಡೂ ಇರುವುದು ಎಂಟರ್‌ಪ್ರೈಸ್‌ನಲ್ಲಿ. 50 ಜನ ಇಂಜಿನಿಯರ್‌ಗಳಿರುವ ಒಂದು ಕಂಪನಿಗೆ ತಿಂಗಳಿಗೆ 200 ಡಾಲರ್ ಇದ್ದದ್ದು 1,050 ಆಗುತ್ತದೆ. ವರ್ಷಕ್ಕೆ ಜಾಸ್ತಿ ಬೀಳುವುದು 10,200 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ 9,18,000 ರೂಪಾಯಿ. ಒಂದೇ ಆಪ್‌ಗೆ ಇಷ್ಟು. ನಿಜ ಹೇಳಬೇಕೆಂದರೆ ಆ 17 ಡಾಲರಿನಲ್ಲಿ ಬರುವುದು ಸ್ಕಿಮ್ ಒಂದೇ ಅಲ್ಲ. ಕೋಡ್ ಪರೀಕ್ಷೆಯಂಥ ಕೆಲಸವನ್ನು ತಾನಾಗೇ ನಡೆಸುವ ಆಕ್ಷನ್ಸ್‌ನ ತಿಂಗಳ ನಿಮಿಷಗಳು 3,000ದಿಂದ 50,000ಕ್ಕೆ ಏರುತ್ತವೆ, ಇನ್ನೂ ಬೇರೆ ಸೌಲಭ್ಯಗಳೂ ಇವೆ. ದೊಡ್ಡ ಕಂಪನಿಗೆ ಅದು ಒಳ್ಳೆಯ ವ್ಯಾಪಾರವೇ ಇರಬಹುದು. ಆದರೆ ಅದ್ಯಾವುದೂ ಬೇಡ, ಬಿಟ್ಟು ಹೋದವರ ಅಕೌಂಟ್ ತಾನಾಗೇ ಮುಚ್ಚಿದರೆ ಸಾಕು ಅನ್ನುವವರಿಗೂ ಅದೇ 17 ಡಾಲರ್.

ಇದು ಆಪ್ ಕಡೆಯ ಖರ್ಚು. ಡೈರೆಕ್ಟರಿ ಕಡೆಗೂ ಕೊಡಬೇಕು. ಎಂಟ್ರಾದಲ್ಲಿ ಒಬ್ಬೊಬ್ಬರನ್ನೇ ಆಪ್‌ಗೆ ಸೇರಿಸುವ ಬದಲು ಗ್ರೂಪ್ ಲೆಕ್ಕದಲ್ಲಿ ಸೇರಿಸಬೇಕು ಅಂದರೆ ಪಿ1 ಲೈಸೆನ್ಸ್ ಬೇಕು, ಅದರ ಪಟ್ಟಿ ಬೆಲೆ ಒಬ್ಬರಿಗೆ ತಿಂಗಳಿಗೆ 6 ಡಾಲರ್. 50 ಜನಕ್ಕೆ ವರ್ಷಕ್ಕೆ 3,600 ಡಾಲರ್. ಅಟ್ಲಾಸಿಯನ್ ಕಂಪನಿಯ ಜಿರಾ, ಕಾನ್‌ಫ್ಲುಯೆನ್ಸ್ ಬಳಸುವವರಾದರೆ ಸ್ಕಿಮ್‌ಗೆ ಅಟ್ಲಾಸಿಯನ್ ಗಾರ್ಡ್ ಅಂತ ಬೇರೆಯೇ ಒಂದು ಚಂದಾ ಇದೆ, ಮೊದಲು ಅದರ ಹೆಸರು ಅಟ್ಲಾಸಿಯನ್ ಆಕ್ಸೆಸ್ ಅಂತಿತ್ತು. ಟಿಪ್ಪಣಿ, ದಾಖಲೆ ಬರೆದಿಡುವ ನೋಶನ್‌ನಲ್ಲಿ ಸಿಂಗಲ್ ಸೈನ್ ಆನ್ ಬಿಸಿನೆಸ್ ಪ್ಲಾನಿಗೇ ಬರುತ್ತದೆ, ಸ್ಕಿಮ್ ಬೇಕು ಅಂದರೆ ಎಂಟರ್‌ಪ್ರೈಸ್. ಹೀಗೆ ಒಂದೊಂದಾಗಿ ಕೂಡುತ್ತಾ ಹೋದರೆ, ಸಾಫ್ಟ್‌ವೇರಿಗೆ ಕೊಡುವ ಮೂಲ ಹಣಕ್ಕಿಂತ ಅದರ ಅಕೌಂಟ್ ನೋಡಿಕೊಳ್ಳಲು ಕೊಡುವ ಹೆಚ್ಚುವರಿ ಹಣವೇ ಜಾಸ್ತಿಯಾಗುವ ದಿನ ಬರುತ್ತದೆ. ಗಿಟ್‌ಹಬ್ ಲೆಕ್ಕದಲ್ಲಿ ಆ ದಿನ ಬಂದೇ ಬಿಟ್ಟಿದೆ, ನಾಲ್ಕು ಡಾಲರಿನ ಮೂಲಕ್ಕೆ ಹದಿನೇಳು ಡಾಲರ್ ಮೇಲುಖರ್ಚು.

ಸೇಲ್ಸ್‌ನವರು ಇಲ್ಲಿ ಒಂದು ಕ್ಯಾಲ್ಕ್ಯುಲೇಟರ್ ತೋರಿಸುತ್ತಾರೆ. ನಿಮ್ಮ ಐಟಿ ತಂಡದ ಇಷ್ಟು ಗಂಟೆ ಉಳಿಯುತ್ತದೆ, ಹಾಗಾಗಿ ಇಷ್ಟು ದುಡ್ಡು ಉಳಿಯುತ್ತದೆ ಅಂತ. ಆ ಲೆಕ್ಕವನ್ನು ಬೆಂಗಳೂರಿನ ಸಂಬಳ ಹಾಕಿ ಮಾಡಿ ನೋಡಿ. 50 ಜನರ ಕಂಪನಿಯಲ್ಲಿ ವರ್ಷಕ್ಕೆ ಹತ್ತು ಜನ ಬಿಟ್ಟು ಹತ್ತು ಜನ ಸೇರುತ್ತಾರೆ ಅಂತ ಹಿಡಿಯೋಣ. ಪ್ರತಿಯೊಬ್ಬರಿಗೂ ಎಲ್ಲ ಆಪ್ ಸೇರಿ ಎರಡು ಗಂಟೆ. ಒಟ್ಟು 40 ಗಂಟೆ. ವರ್ಷಕ್ಕೆ 8 ಲಕ್ಷ ಸಂಬಳದ ಅಡ್ಮಿನ್ ಅಂದರೆ ಗಂಟೆಗೆ ಸುಮಾರು 400 ರೂಪಾಯಿ. ಅಲ್ಲಿಗೆ ಕೈಯಲ್ಲಿ ಮಾಡುವ ಖರ್ಚು ವರ್ಷಕ್ಕೆ 16,000 ರೂಪಾಯಿ. ಒಂದು ಕಡೆ ಹದಿನಾರು ಸಾವಿರ, ಇನ್ನೊಂದು ಕಡೆ ಒಂದೇ ಆಪ್‌ಗೆ ಒಂಬತ್ತು ಲಕ್ಷ. ಆ ಎರಡು ಗಂಟೆಯನ್ನು ಹತ್ತು ಮಾಡಿದರೂ, ಇಪ್ಪತ್ತು ಮಾಡಿದರೂ ಸಮ ಆಗುವುದಿಲ್ಲ. ಫೈನಾನ್ಸ್‌ನವರ ಮುಂದೆ ಈ ಎರಡು ಅಂಕಿ ಇಟ್ಟರೆ ಅವರು ಬೇಡ ಅನ್ನುತ್ತಾರೆ, ಅವರು ಹೇಳುವುದು ಸರಿಯಾಗೇ ಇರುತ್ತದೆ. ಸಮಯ ಉಳಿಸುವ ಮಾತಿನಲ್ಲಿ ನಮ್ಮಂಥ ಊರಿನಲ್ಲಿ ಸ್ಕಿಮ್ ಮಾರಲು ಆಗುವುದೇ ಇಲ್ಲ.

ಹಾಗಾದರೆ ಯಾಕೆ ಬೇಕು? ಬಿಟ್ಟು ಹೋದವರಿಗಾಗಿ.

ಸೇರುವವರ ವಿಷಯದಲ್ಲಿ ತಪ್ಪಾದರೆ ಗೊತ್ತಾಗುತ್ತದೆ. ಅಕೌಂಟ್ ಬಂದಿಲ್ಲ ಅಂತ ಅವರೇ ಬಂದು ಕೇಳುತ್ತಾರೆ, ಒಂದು ದಿನ ಸುಮ್ನೆ ಕೂತಿರುತ್ತಾರೆ, ಅವರ ಮ್ಯಾನೇಜರ್ ಕೂಗಾಡುತ್ತಾರೆ. ಬಿಟ್ಟು ಹೋದವರ ವಿಷಯದಲ್ಲಿ ತಪ್ಪಾದರೆ ಯಾರೂ ಬಂದು ಹೇಳುವುದಿಲ್ಲ. ಎರಡು ತಿಂಗಳು ನೋಟಿಸ್ ಪೀರಿಯಡ್, ನಾಲೆಡ್ಜ್ ಟ್ರಾನ್ಸ್‌ಫರ್, ಲ್ಯಾಪ್‌ಟಾಪ್ ವಾಪಸ್, ಕೇಕ್ ಕಟ್, ರಿಲೀವಿಂಗ್ ಲೆಟರ್, ಫುಲ್ ಆಂಡ್ ಫೈನಲ್ ಸೆಟ್ಲ್‌ಮೆಂಟ್, ಇಷ್ಟೂ ಮುಗಿದ ಮೇಲೂ ಆ ವ್ಯಕ್ತಿಯ ಅಕೌಂಟ್ ಯಾವುದೋ ಒಂದು ಡಿಸೈನ್ ಟೂಲಿನಲ್ಲಿ, ಯಾವುದೋ ಒಂದು ಅನಾಲಿಟಿಕ್ಸ್ ಡ್ಯಾಶ್‌ಬೋರ್ಡಿನಲ್ಲಿ ಜೀವಂತ ಇರುತ್ತದೆ. ಕಾಂಟ್ರ್ಯಾಕ್ಟ್ ಮೇಲೆ ಬಂದವರದ್ದು ಇನ್ನೂ ಕಷ್ಟ. ಅವರು ಎಚ್‌ಆರ್ ಪಟ್ಟಿಯಲ್ಲೇ ಇರುವುದಿಲ್ಲ. ‘ಸರ್, ಆ ಏಜೆನ್ಸಿಯ ಹುಡುಗ ಹೋದ ತಿಂಗಳೇ ಹೋದ್ನಲ್ಲ, ನಿಮಗೆ ಯಾರೂ ಹೇಳ್ಲಿಲ್ವಾ?’ ಅಂತ ಕಾಫಿ ಮೆಷಿನ್ ಹತ್ತಿರ ಯಾರಾದರೂ ಹೇಳಿದರೆ ಗೊತ್ತಾಗಬೇಕು.

ಉಳಿದುಹೋದ ಅಕೌಂಟ್ ಏನು ಮಾಡಬಹುದು ಅನ್ನೋದಕ್ಕೆ ನ್ಯಾಯಾಲಯದ ದಾಖಲೆಯಲ್ಲಿರುವ ಒಂದು ಪ್ರಕರಣ ಇದೆ. 2018ರ ಏಪ್ರಿಲ್‌ನಲ್ಲಿ ಸಿಸ್ಕೋದಿಂದ ಕೆಲಸ ಬಿಟ್ಟ ಒಬ್ಬ ಇಂಜಿನಿಯರ್, ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅಂದರೆ ಐದು ತಿಂಗಳಾದ ಮೇಲೆ, ಅಮೆಜಾನ್ ಕ್ಲೌಡಿನಲ್ಲಿದ್ದ ಸಿಸ್ಕೋ ವ್ಯವಸ್ಥೆಯೊಳಗೆ ಹೋಗಿ ಅದರ ಮೀಟಿಂಗ್-ಚಾಟ್ ಸೇವೆ ವೆಬೆಕ್ಸ್ ಟೀಮ್ಸ್ ನಡೆಸುತ್ತಿದ್ದ 456 ವರ್ಚುವಲ್ ಮಷೀನ್‌ಗಳನ್ನು ಅಳಿಸಿಹಾಕಿದ. 16,000ಕ್ಕೂ ಹೆಚ್ಚು ಅಕೌಂಟ್‌ಗಳು ಬಂದ್ ಆದವು, ಕೆಲವು ಎರಡು ವಾರದವರೆಗೆ. ಸರಿಪಡಿಸಲು ಸಿಬ್ಬಂದಿಯ ಸಮಯಕ್ಕೆ ಸುಮಾರು 14 ಲಕ್ಷ ಡಾಲರ್, ಗ್ರಾಹಕರಿಗೆ ವಾಪಸ್ ಕೊಟ್ಟದ್ದು 10 ಲಕ್ಷ ಡಾಲರಿಗೂ ಹೆಚ್ಚು. 2020ರ ಡಿಸೆಂಬರಿನಲ್ಲಿ ಆತನಿಗೆ 24 ತಿಂಗಳ ಜೈಲಾಯಿತು. ಇನ್ನೊಂದು ಎಲ್ಲರಿಗೂ ಗೊತ್ತಿರುವುದೇ, 2021ರ ಮೇ ತಿಂಗಳ ಕಲೋನಿಯಲ್ ಪೈಪ್‌ಲೈನ್ ದಾಳಿ. ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಕೊಡುವ ಪೈಪ್‌ಲೈನೇ ನಿಂತುಹೋಯಿತು. ಕಳ್ಳರು ಒಳಗೆ ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ, ಆದರೆ ಮುಚ್ಚದೆ ಇದ್ದ ಒಂದು ವಿಪಿಎನ್ (ಹೊರಗಿನಿಂದ ಕಂಪನಿ ಜಾಲದೊಳಗೆ ಬರುವ ದಾರಿ) ಅಕೌಂಟಿನಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಕಂಪನಿ ಕಳ್ಳರಿಗೆ ಕೊಟ್ಟ ಒತ್ತೆಹಣ 44 ಲಕ್ಷ ಡಾಲರ್. ಈ ಎರಡನ್ನೂ ಸ್ಕಿಮ್ ಒಂದೇ ತಡೆಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಕ್ಲೌಡ್ ಕೀ, ವಿಪಿಎನ್ ಎರಡಕ್ಕೂ ಬೇರೆ ಬೇರೆ ಶಿಸ್ತು ಬೇಕು. ಆದರೆ ಎರಡರಲ್ಲೂ ಬಾಗಿಲು ಒಂದೇ: ಕೆಲಸ ಮುಗಿದ ಮೇಲೂ ತೆರೆದೇ ಇದ್ದ ಪ್ರವೇಶ.

ನಮ್ಮಲ್ಲೂ ಈಗ ಇದು ಬರೀ ಒಳ್ಳೆಯ ಅಭ್ಯಾಸದ ಮಾತಾಗಿ ಉಳಿದಿಲ್ಲ. ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆ ಆದರೆ ಗೊತ್ತಾದ 6 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ರಕ್ಷಣೆ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಸಣ್ಣ ಕಂಪನಿ ಅಂತ ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿಯ ಸಣ್ಣ ಸಣ್ಣ ಕಂಪನಿಗಳ ಗ್ರಾಹಕರೇ ದೊಡ್ಡ ಬ್ಯಾಂಕು, ಆಸ್ಪತ್ರೆಗಳು, ಅಲ್ವಾ. ಮಾಹಿತಿ ಭದ್ರತೆ ಸರಿಯಿದೆ ಅಂತ ತೋರಿಸುವ ಐಎಸ್‌ಒ 27001 ಸರ್ಟಿಫಿಕೇಟ್ ಅಥವಾ ಸಾಕ್ 2 ಆಡಿಟ್ ವರದಿಯನ್ನು ಅವರು ಕೇಳಿಯೇ ಕೇಳುತ್ತಾರೆ. ಆಡಿಟರ್ ಬಂದು ಕೂತು ಮಾಡುವ ಮೊದಲ ಕೆಲಸಗಳಲ್ಲಿ ಇದೂ ಒಂದು. ಎಚ್‌ಆರ್‌ನಿಂದ ಬಿಟ್ಟುಹೋದವರ ಪಟ್ಟಿ ತರಿಸಿಕೊಂಡು, ಅದರಲ್ಲಿ ನಾಲ್ಕೈದು ಹೆಸರಿಗೆ ಗುರುತು ಹಾಕಿ, ಇವರ ಕೊನೆಯ ದಿನ ಯಾವತ್ತು, ಪ್ರತಿ ಆಪ್‌ನಲ್ಲಿ ಅಕೌಂಟ್ ಮುಚ್ಚಿದ್ದು ಯಾವತ್ತು, ತೋರಿಸಿ ಅನ್ನುತ್ತಾರೆ. ಸ್ಕಿಮ್ ಇದ್ದರೆ ಲಾಗ್ ತೆಗೆದು ಕೊಟ್ಟರೆ ಆಯಿತು. ಇಲ್ಲದಿದ್ದರೆ ಪ್ರತಿ ಆಪ್‌ಗೆ ಲಾಗಿನ್ ಆಗಿ ಸ್ಕ್ರೀನ್‌ಶಾಟ್ ಹುಡುಕಬೇಕು, ಎಷ್ಟೋ ಆಪ್‌ಗಳಲ್ಲಿ ಮುಚ್ಚಿದ ದಿನಾಂಕವೇ ಕಾಣುವುದಿಲ್ಲ.

ಆಪ್ ಮಾಡುವವರ ಕಡೆಯ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಸ್ಟ್ಯಾಂಡರ್ಡ್ ಒಂದೇ ಆದರೂ ಪ್ರತಿ ಡೈರೆಕ್ಟರಿಯೂ ಅದನ್ನು ತನ್ನ ರೀತಿಯಲ್ಲಿ ಮಾತಾಡುತ್ತದೆ. ‘ಫಾಲ್ಸ್’ ಅನ್ನೋದನ್ನು ನಿಜವಾದ ಬೂಲಿಯನ್ (ಹೌದು-ಅಲ್ಲ ಮಾತ್ರ ಇರುವ ಮೌಲ್ಯ) ಆಗಿ ಕಳಿಸುವ ಬದಲು ಉದ್ಧರಣ ಚಿಹ್ನೆಯೊಳಗೆ, ಮೊದಲಕ್ಷರ ದೊಡ್ಡದು ಮಾಡಿ ಪಠ್ಯವಾಗಿ ಕಳಿಸುವ ಅಭ್ಯಾಸ ಮೈಕ್ರೋಸಾಫ್ಟ್ ಡೈರೆಕ್ಟರಿಗಿದೆ. ಅದನ್ನು ಸರಿಪಡಿಸಲು ಬೇರೆ ಒಂದು ಫ್ಲ್ಯಾಗ್ ಹಾಕಬೇಕು. ಓಕ್ಟಾ ಯೂಸರ್‌ಗೆ ಡಿಲೀಟ್ ಕಳಿಸುವುದೇ ಇಲ್ಲ, ಬರೀ ನಿಷ್ಕ್ರಿಯ ಮಾಡುತ್ತದೆ. ಕೆಲವರು ಬದಲಾದ ವಿವರ ಮಾತ್ರ ಕಳಿಸುತ್ತಾರೆ, ಕೆಲವರು ಇಡೀ ಯೂಸರ್ ಮಾಹಿತಿಯನ್ನೇ ಮತ್ತೆ ಕಳಿಸುತ್ತಾರೆ. ಗ್ರೂಪ್‌ಗಳ ಕಥೆ ಇನ್ನೂ ಉದ್ದ. ಇದನ್ನೆಲ್ಲ ಬರೆದು, ಪರೀಕ್ಷೆ ಮಾಡಿ, ಗ್ರಾಹಕರ ಕಡೆಯ ಅಡ್ಮಿನ್ ಜೊತೆ ಕಾಲ್‌ನಲ್ಲಿ ಕೂತು ಹೊಂದಿಸಿ ಕೊಡುವುದಕ್ಕೆ ಇಂಜಿನಿಯರ್ ಸಮಯ ಹೋಗುತ್ತದೆ. ಅದಕ್ಕೆ ದುಡ್ಡು ಕೇಳುವುದು ನ್ಯಾಯ.

ಆದರೆ ಆ ಖರ್ಚಿನ ಸ್ವರೂಪ ನೋಡಿ. ಖರ್ಚು ಬೀಳುವುದು ಒಂದು ಕನೆಕ್ಷನ್‌ಗೆ. ಒಂದು ಗ್ರಾಹಕ ಕಂಪನಿಯ ಡೈರೆಕ್ಟರಿಯನ್ನು ಒಮ್ಮೆ ಹೊಂದಿಸಿದ ಮೇಲೆ ಅದರ ಮೂಲಕ 20 ಜನ ಬಂದರೂ ಅದೇ ಕೆಲಸ, 2,000 ಜನ ಬಂದರೂ ಅದೇ ಕೆಲಸ. ಈ ಕೆಲಸವನ್ನೇ ಆಪ್ ಕಂಪನಿಗಳಿಗೆ ಸೇವೆಯಾಗಿ ಮಾರುವ ವರ್ಕ್‌ಓಎಸ್‌ನ ಪಟ್ಟಿ ಬೆಲೆ ಶುರುವಾಗುವುದು ಒಂದು ಕನೆಕ್ಷನ್‌ಗೆ ತಿಂಗಳಿಗೆ 125 ಡಾಲರಿನಿಂದ, ಅಂದರೆ ವರ್ಷಕ್ಕೆ 1,500. ಕನೆಕ್ಷನ್‌ಗಳು ಜಾಸ್ತಿಯಾದಂತೆ ಆ ಬೆಲೆ ಇಳಿಯುತ್ತದೆ. ಒಂದು ಆಪ್ ಕಂಪನಿ ತಾನೇ ಏನೂ ಬರೆಯದೆ, ಎಲ್ಲವನ್ನೂ ಹೊರಗಿನಿಂದ ತರಿಸಿಕೊಂಡರೂ ಒಬ್ಬ ಗ್ರಾಹಕನಿಗೆ ಬೀಳುವ ಖರ್ಚು ಹೆಚ್ಚುಕಮ್ಮಿ ಅಷ್ಟು. ಅದಕ್ಕೆ ಲಾಭ ಸೇರಿಸಿ ಎರಡು ಪಟ್ಟು ಕೇಳಲಿ, ಕೊಡೋಣ. ಆದರೆ ಬಿಲ್ ಹಾಕುವಾಗ ಇಡೀ ಕಂಪನಿಯ ತಲೆಯ ಮೇಲೆ, ತಲೆಗಿಷ್ಟು ಅಂತ ಹಾಕುತ್ತಾರೆ. ನನ್ನ ಜಗಳ ಇರುವುದು ಇಲ್ಲೇ.

ನಮಗೆ ಆದ ಒಂದು ಅನುಭವ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಒಂದು ಟೂಲಿನಲ್ಲಿ ನಮ್ಮವರು ನಲವತ್ತು ಜನ ಇದ್ದರು. ಸ್ಕಿಮ್‌ಗೆ ಎಷ್ಟಾಗುತ್ತದೆ ಅಂತ ಕೇಳಿದೆವು. ಕಾಲ್ ಮೇಲೆ ಕಾಲ್, ಡೆಮೋ ಮೇಲೆ ಡೆಮೋ, ನಮಗೆ ಬೇಡವಾದ ಎಐ ಸೌಲಭ್ಯಗಳ ಪ್ರದರ್ಶನ, ಎಲ್ಲ ಮುಗಿದ ಮೇಲೆ ಕೋಟ್ ಬಂತು. ಎಂಟರ್‌ಪ್ರೈಸ್ ಪ್ಲಾನ್ ತೆಗೆದುಕೊಳ್ಳಬೇಕು, ಕನಿಷ್ಠ ನೂರು ಸೀಟು, ಒಂದು ವರ್ಷದ ಹಣ ಮುಂಗಡ. ಇಲ್ಲದ ಅರವತ್ತು ಜನಕ್ಕೂ ಸೀಟು ಕೊಂಡರೆ ಮಾತ್ರ, ಬಿಟ್ಟು ಹೋದ ಒಬ್ಬರ ಸೀಟು ತಾನಾಗೇ ಮುಚ್ಚುತ್ತದೆ. ಸೀಟು ಲೆಕ್ಕದಲ್ಲಿ ಬಿಲ್ ಮಾಡುವವರಿಗೆ ಮುಚ್ಚದ ಅಕೌಂಟ್ ಅಂದರೆ ಆದಾಯ. ಅದನ್ನು ಮುಚ್ಚುವ ಸಾಧನವನ್ನೂ ಅವರ ಕೈಯಿಂದಲೇ, ಅತಿ ದುಬಾರಿ ಬೆಲೆಗೆ ಕೊಳ್ಳಬೇಕು ಅಂದರೆ ಹೇಗೆ?

ಸ್ಕಿಮ್ ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ, ಇದನ್ನು ಯಾವ ಕೋಟ್‌ನಲ್ಲೂ ಬರೆದಿರುವುದಿಲ್ಲ. ಎಚ್‌ಆರ್ ಡೇಟಾ ಶುದ್ಧ ಇರಬೇಕು. ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಇಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರು ಅಂತ ಇರುವುದಿಲ್ಲ. ಮಂಜುನಾಥ ಕೆ. ಎಸ್. ಅಂದರೆ ಕೆ ಊರು, ಎಸ್ ಅಪ್ಪನ ಹೆಸರು. ಸ್ಕಿಮ್‌ನಲ್ಲಿ ವ್ಯಕ್ತಿಯ ಸ್ವಂತ ಹೆಸರಿಗೆ ಒಂದು ಖಾನೆ, ಕುಟುಂಬದ ಹೆಸರಿಗೆ ಇನ್ನೊಂದು ಖಾನೆ ಇದೆ. ಎರಡನೆಯದು ಕಡ್ಡಾಯ ಅಂತ ಸ್ಟ್ಯಾಂಡರ್ಡ್ ಹೇಳುವುದಿಲ್ಲ, ಆದರೆ ಖಾಲಿ ಬಿಟ್ಟರೆ ಎಷ್ಟೋ ಆಪ್‌ಗಳು ತಿರಸ್ಕರಿಸುತ್ತವೆ. ಹಾಗಾಗಿ ಎಚ್‌ಆರ್‌ನಲ್ಲಿ ಒಬ್ಬರು ಅಲ್ಲಿ ‘ಕೆ ಎಸ್’ ಅಂತ ಹಾಕುತ್ತಾರೆ, ಇನ್ನೊಬ್ಬರು ಒಂದು ಚುಕ್ಕಿ ಇಡುತ್ತಾರೆ, ಮತ್ತೊಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಆಮೇಲೆ ಚಾಟ್‌ನಲ್ಲಿ ಒಬ್ಬರೇ ಎರಡು ಹೆಸರಲ್ಲಿ ಕಾಣುತ್ತಾರೆ, ಸಿಂಕ್ ಅರ್ಧಕ್ಕೆ ನಿಲ್ಲುತ್ತದೆ, ಎರರ್ ಲಾಗ್ ಓದುತ್ತಾ ಕೂರಬೇಕು. ಇದನ್ನು ಸರಿಪಡಿಸಲು ಎಚ್‌ಆರ್ ಮತ್ತು ಐಟಿ ಒಟ್ಟಿಗೆ ಕೂತು ಒಂದು ನಿಯಮ ಮಾಡಿಕೊಳ್ಳಬೇಕು, ಹಳೆಯ ದಾಖಲೆಗಳನ್ನೆಲ್ಲ ತಿದ್ದಬೇಕು. ಗ್ರೂಪ್‌ಗಳ ಹೆಸರಿಗೂ ಅದೇ ಗತಿ.

ದುಡ್ಡಿಲ್ಲದವರು ಏನು ಮಾಡಬಹುದು? ಕೈಕಟ್ಟಿ ಕೂರಬೇಕಿಲ್ಲ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಲಾಗಿನ್‌ನಿಂದ ಒಳಗೆ ಬರುವ ಸೌಲಭ್ಯ ಬಹಳಷ್ಟು ಆಪ್‌ಗಳ ಕೆಳಗಿನ ಪ್ಲಾನ್‌ಗಳಲ್ಲೇ ಇರುತ್ತದೆ. ಅದನ್ನು ಹಾಕಿ, ಆಪ್ ಅವಕಾಶ ಕೊಟ್ಟರೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಮೇಲ್ ಅಕೌಂಟ್ ಮುಚ್ಚಿದ ದಿನವೇ ಹೊಸದಾಗಿ ಒಳಬರುವ ದಾರಿ ಮುಚ್ಚುತ್ತದೆ. ಆದರೆ ಇಷ್ಟಕ್ಕೇ ನಿಶ್ಚಿಂತೆಯಾಗಿ ಇರಬೇಡಿ. ಈಗಾಗಲೇ ಫೋನಿನಲ್ಲಿ ತೆರೆದಿರುವ ಸೆಷನ್ ಮುಂದುವರಿಯಬಹುದು. ಅವರು ಮಾಡಿಟ್ಟ ಎಪಿಐ ಟೋಕನ್ (ಬೇರೆ ಪ್ರೋಗ್ರಾಂಗಳು ಆಪ್‌ನೊಳಗೆ ಬರಲು ಬಳಸುವ ಕೀಲಿ) ಮೇಲ್ ಅಕೌಂಟ್ ಇದೆಯೋ ಇಲ್ಲವೋ ಅಂತ ಕೇಳುವುದಿಲ್ಲ. ಮೊದಲ ಲಾಗಿನ್‌ನಲ್ಲಿ ಅಕೌಂಟ್ ತಾನಾಗೇ ಹುಟ್ಟುವ ಜಸ್ಟ್-ಇನ್-ಟೈಮ್ ವಿಧಾನವೂ ಹಾಗೇ, ಹುಟ್ಟಿಸುತ್ತದೆ, ತೆಗೆಯುವುದಿಲ್ಲ. ಅದಕ್ಕೇ ಗ್ರಾಹಕರ ಮಾಹಿತಿ ಇರುವ ಆಪ್‌ಗಳು, ಕೋಡ್ ಇರುವ ಆಪ್‌ಗಳು ಯಾವುವು ಅಂತ ಗುರುತಿಸಿ, ಹಣ ಇದ್ದಷ್ಟಕ್ಕೆ ಅವಕ್ಕೆ ಮಾತ್ರ ಸ್ಕಿಮ್ ಕೊಳ್ಳಿ. ಉಳಿದವಕ್ಕೆ ಆಪ್‌ನ ಸಾಮಾನ್ಯ ಎಪಿಐ ಬಳಸಿ ವಾರಕ್ಕೊಮ್ಮೆ ಯೂಸರ್ ಪಟ್ಟಿ ಎಳೆದು ಎಚ್‌ಆರ್ ಪಟ್ಟಿಯ ಜೊತೆ ಹೋಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಎಪಿಐ ಇಲ್ಲದಿದ್ದರೆ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಆದರೂ ಸಿಗುತ್ತದೆ. ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಕೈಯಲ್ಲೇ ತೆಗೆಯಿರಿ. ಸ್ವಂತ ಸರ್ವರ್ ನಡೆಸುವ ಶಕ್ತಿ ಇದ್ದರೆ ಆಥೆಂಟಿಕ್‌ನಂಥ ಓಪನ್ ಸೋರ್ಸ್ ಡೈರೆಕ್ಟರಿಯಲ್ಲೇ ಸ್ಕಿಮ್ ಕಳಿಸುವ ಸೌಲಭ್ಯ ಇದೆ. ಡೈರೆಕ್ಟರಿ ಕಡೆಯ ಲೈಸೆನ್ಸ್ ಹಣ ಉಳಿಯುತ್ತದೆ, ಆಪ್ ಕಡೆಯದ್ದು ಉಳಿಯುವುದಿಲ್ಲ.

ಇದನ್ನು ಓದುವವರಲ್ಲಿ ಸಾಸ್ ಪ್ರಾಡಕ್ಟ್ (ಚಂದಾ ಕೊಟ್ಟು ಇಂಟರ್ನೆಟ್‌ನಲ್ಲೇ ಬಳಸುವ ಸಾಫ್ಟ್‌ವೇರ್) ಕಟ್ಟುವವರೂ ಇರುತ್ತೀರಿ. ಎಚ್‌ಎಸ್‌ಆರ್, ಕೋರಮಂಗಲದ ಕಡೆ ಅಂಥ ಕಂಪನಿಗಳಿಗೆ ಬರವಿಲ್ಲ. ಸಿಂಗಲ್ ಸೈನ್ ಆನ್ ಹೆಚ್ಚುವರಿ ಬೆಲೆ ಇಲ್ಲದೆ ಮೊದಲಿನಿಂದಲೇ ಇರಬೇಕು ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ 2023ರಲ್ಲೇ ಸಾಫ್ಟ್‌ವೇರ್ ತಯಾರಕರಿಗೆ ಹೇಳಿದೆ. ಅಕೌಂಟ್ ಮುಚ್ಚುವುದಕ್ಕೂ ಅದೇ ಮಾತು ಸಲ್ಲುತ್ತದೆ ಅಂತ ನಾನು ನಂಬುತ್ತೇನೆ. ಪೂರ್ತಿ ಸ್ಕಿಮ್ ಅನ್ನು ಪುಕ್ಕಟೆ ಕೊಡಿ ಅಂತ ಕೇಳುತ್ತಿಲ್ಲ. ಗ್ರೂಪ್ ಸಿಂಕ್, ರೋಲ್ ಹೊಂದಿಸುವುದು, ಹೊಸ ಅಕೌಂಟ್ ಮಾಡುವುದು, ಇವನ್ನೆಲ್ಲ ಬೇಕಾದ ಪ್ಲಾನಿನಲ್ಲಿ ಇಟ್ಟುಕೊಳ್ಳಿ. ಯೂಸರ್‌ಗಳ ಪಟ್ಟಿ ಕೊಡುವ ಒಂದು ಕರೆ, ಒಬ್ಬರನ್ನು ನಿಷ್ಕ್ರಿಯ ಮಾಡಿ ಅವರ ಸೆಷನ್ ಮತ್ತು ಟೋಕನ್‌ಗಳನ್ನು ಕೊಲ್ಲುವ ಇನ್ನೊಂದು ಕರೆ, ಇವೆರಡನ್ನು ಹಣ ಕೊಡುವ ಎಲ್ಲ ಪ್ಲಾನ್‌ಗಳಲ್ಲೂ ಇಡಿ. ಪೂರ್ತಿ ಸ್ಕಿಮ್ ಬೇಕು ಅನ್ನುವ ಸಣ್ಣವರಿಗೆ ಕನೆಕ್ಷನ್‌ಗೆ ತಿಂಗಳಿಗಿಷ್ಟು ಅಂತ ಒಂದು ಬೆಲೆ ಬರೆದು ಹಾಕಿ, ಕಾಲ್ ಇಲ್ಲ, ಡೆಮೋ ಇಲ್ಲ, ಕನಿಷ್ಠ ಸೀಟಿನ ಕಟ್ಟುಪಾಡಿಲ್ಲ. ಹಾಗೆ ಹಾಕಿದವರಿಗೆ ನಾನು ಅದೇ ದಿನ ಪಿಒ (ಖರೀದಿ ಆದೇಶ) ಕಳಿಸುತ್ತೇನೆ, ಪಕ್ಕದ ಕಂಪನಿಯ ಅಡ್ಮಿನ್‌ಗೂ ಹೇಳುತ್ತೇನೆ.